ಬಾರ್ ಸ್ಥಳಾಂತರವನ್ನು ಪುರಸಭೆಯ ಠರಾವು ತಡೆಯಬಲ್ಲದೇ?

ಓಣಿಯ ನಿವಾಸಿ, ಕೊಪ್ಪಳ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇನೆ. ನಮ್ಮ ಓಣಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯನೂ ಹೌದು. ಬಸ್ ನಿಲ್ದಾಣದ ಬಳಿ ಬಹಳ ವರ್ಷಗಳಿಂದ ನಡೆಯುತ್ತಿದ್ದ ಒಂದು ಬಾರ್ ಅಂಡ್ ರೆಸ್ಟೋರೆಂಟನ್ನು ನಮ್ಮ ಶಾಲೆಯ ಹಿಂಬದಿಯ ಹೊಸ ಕಟ್ಟಡಕ್ಕೆ ಸ್ಥಳಾಂತರಿಸಲು ಅರ್ಜಿ ಬಿದ್ದಿದೆ. ಸುದ್ದಿ ತಿಳಿದ ಕೂಡಲೇ ಓಣಿಯವರೆಲ್ಲ ಸಹಿ ಮಾಡಿ ಮನವಿ ಕೊಟ್ಟೆವು. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಸದಸ್ಯರು ಪಕ್ಷಭೇದವಿಲ್ಲದೆ ಸ್ಥಳಾಂತರ ಬೇಡವೆಂದು ಠರಾವು ಪಾಸು ಮಾಡಿದರು. ನಾವು ಕೆಲಸ ಮುಗಿಯಿತೆಂದೇ ತಿಳಿದು ಪೇಢೆ ಹಂಚಿದೆವು.

ಆದರೆ ಮೇ ತಿಂಗಳ ರಜೆಯಲ್ಲಿ ಅಬಕಾರಿ ಇಲಾಖೆಯ ಮೂವರು ಟೇಪು ಹಿಡಿದುಕೊಂಡು ಬಂದು ಅಳತೆ ಮಾಡಿದರು. ಅವರು ಆ ಕಟ್ಟಡದ ಬಾಗಿಲಿನಿಂದ ಹೊರಟು, ಕಿರಾಣಿ ಅಂಗಡಿಯ ಮೂಲೆಯನ್ನು ಬಳಸಿ, ರಸ್ತೆಗುಂಟ ಶಾಲೆಯ ದೊಡ್ಡ ಗೇಟಿನವರೆಗೆ ಟೇಪು ಎಳೆದರು. 104 ಮೀಟರ್ ಎಂದು ಬರೆದುಕೊಂಡರು. ಕಾಂಪೌಂಡಿನ ಹಿಂಬದಿಯಲ್ಲಿ ಒಂದು ಸಣ್ಣ ಕಬ್ಬಿಣದ ಗೇಟಿದೆ. ಶಾಲೆ ನಡೆಯುವಾಗ ಅರ್ಧಕ್ಕರ್ಧ ಮಕ್ಕಳು ಓಡಾಡುವುದೇ ಅದರಲ್ಲಿ. ರಜೆಯಾದ್ದರಿಂದ ಅಂದು ಅದಕ್ಕೆ ಬೀಗವಿತ್ತು. ಅಲ್ಲಿಂದ ಆ ಕಟ್ಟಡದ ಬಾಗಿಲಿಗೆ ನಾನೇ ಹೆಜ್ಜೆ ಹಾಕಿ ಎಣಿಸಿದ್ದೇನೆ, ಎಂಬತ್ತು ಹೆಜ್ಜೆಯೂ ಆಗುವುದಿಲ್ಲ.

ಠರಾವಿನ ಬಗ್ಗೆ ಕೇಳಿದರೆ, ‘ಅದು ನಿಮ್ಮ ಸಭೆಯ ಅಭಿಪ್ರಾಯ, ಸನ್ನದು (ಲೈಸೆನ್ಸ್) ಕೊಡುವವರು ನಾವು’ ಎಂಬ ಉತ್ತರ ಅವರಿಂದ ಬಂತು. ಹಾಗಾದರೆ ನಾವು ಆರಿಸಿ ಕಳಿಸಿದ ಸದಸ್ಯರ ಮಾತಿಗೆ ಈ ವಿಷಯದಲ್ಲಿ ಬೆಲೆಯೇ ಇಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಗುಮಾಸ್ತ, ಬಳ್ಳಾರಿ:

ತಮಗೆ ಬಂದ ಉತ್ತರ ಒರಟಾಗಿದೆ, ಆದರೆ ಕಾನೂನಿನ ದೃಷ್ಟಿಯಿಂದ ತಪ್ಪಲ್ಲ. ಮದ್ಯವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿರುವ ವಿಷಯ. ನಮ್ಮಲ್ಲಿ ಅದನ್ನು ನಡೆಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ಅದರಡಿ ಬಂದ 1967ರ ಹಾಗೂ 1968ರ ನಿಯಮಗಳು. ಮದ್ಯದಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9, ವಸತಿಗೃಹ ಸಹಿತ ಹೋಟೆಲಿಗೆ ಸಿಎಲ್-7 ಎಂಬ ಸನ್ನದುಗಳಿವೆ. ಇವುಗಳ ಕಡತ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಸಿದ್ಧವಾಗಿ ಜಿಲ್ಲಾಧಿಕಾರಿಯವರ ಮುಂದೆ ಹೋಗುತ್ತದೆ. ಪುರಸಭೆಯ ಪಾಲಿಗೆ ಉಳಿಯುವುದು 1964ರ ಪುರಸಭೆಗಳ ಅಧಿನಿಯಮದಂತೆ ಉದ್ದಿಮೆ ಪರವಾನಗಿ, ಕಟ್ಟಡದ ನಕ್ಷೆ, ನೈರ್ಮಲ್ಯ, ಇಷ್ಟೇ. ಅದನ್ನು ಮೀರಿದ ಠರಾವನ್ನು ಅಮಾನತಿನಲ್ಲಿಡುವ ಅಧಿಕಾರವೂ ಜಿಲ್ಲಾಧಿಕಾರಿಯವರಿಗಿದೆ.

ಇಷ್ಟು ಹೇಳಿದ ಮೇಲೂ ತಮ್ಮ ಪ್ರಕರಣ ಗಟ್ಟಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಠರಾವಲ್ಲ, ಆ ಸಣ್ಣ ಗೇಟು. 1967ರ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೆಯ ನಿಯಮವನ್ನು ಓದಿರಿ. ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಸನ್ನದು ಕೊಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲಂತೂ ಕೊಡುವಂತೆಯೇ ಇಲ್ಲ. ಅಳತೆ ಹೇಗೆ ಎಂಬುದನ್ನೂ ಅಲ್ಲಿಯೇ ಹೇಳಿದೆ. ಅಂಗಡಿಯ ಬಾಗಿಲಿನ ನಡುಬಿಂದುವಿನಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ ಸಾಗಿ, ಕಾಂಪೌಂಡ್ ಇದ್ದರೆ ಸಂಸ್ಥೆಯ ಅತಿ ಹತ್ತಿರದ ಗೇಟಿನ ನಡುಬಿಂದುವಿಗೆ ಮುಟ್ಟಬೇಕು. ದೊಡ್ಡ ಗೇಟು ಎಂದು ನಿಯಮ ಹೇಳುವುದಿಲ್ಲ. ರಜೆಯಲ್ಲಿ ಬೀಗ ಹಾಕಿದ ಮಾತ್ರಕ್ಕೆ ಗೇಟು ಗೋಡೆಯಾಗುವುದಿಲ್ಲ.

ಆದ್ದರಿಂದ ‘ಬಾರ್ ಬೇಡ’ ಎಂಬ ಇನ್ನೊಂದು ಮನವಿಯ ಗೋಜಿಗೆ ಹೋಗಬೇಡಿರಿ. ಶಾಲೆ ಪ್ರಾರಂಭವಾದ ದಿನವೇ ಮಕ್ಕಳು ಆ ಗೇಟಿನಿಂದ ಬರುವ ಫೋಟೋ ತೆಗೆಯಿರಿ, ಆ ಗೇಟು ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ ಎಂದು ಮುಖ್ಯೋಪಾಧ್ಯಾಯರಿಂದ ಪತ್ರ ಪಡೆಯಿರಿ, ಎಸ್‌ಡಿಎಂಸಿ ನಡಾವಳಿಯಲ್ಲಿ ದಾಖಲಿಸಿರಿ. ಸ್ಥಳ ತನಿಖಾ ವರದಿ ಮತ್ತು ಮಹಜರಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿರಿ. 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಇವೆಲ್ಲವನ್ನೂ ಲಗತ್ತಿಸಿ, ಜಂಟಿ ಮರು ಅಳತೆಯಾಗಬೇಕೆಂದು ಜಿಲ್ಲಾಧಿಕಾರಿಯವರಿಗೇ ಲಿಖಿತ ಆಕ್ಷೇಪಣೆ ಸಲ್ಲಿಸಿರಿ. ಆದೇಶ ವಿರುದ್ಧವಾಗಿ ಬಂದರೆ ಅಬಕಾರಿ ಆಯುಕ್ತರಿಗೆ, ಅಲ್ಲಿಂದ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಓಣಿಗಳಿಗೆ ಬಾರುಗಳು ನುಗ್ಗಿದ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. 1990ರ ದಶಕದ ಆರಂಭದಿಂದ ದಶಕಗಳ ಕಾಲ ಹೊಸ ಸಿಎಲ್-2, ಸಿಎಲ್-9 ಸನ್ನದುಗಳನ್ನು ಕೊಡದೇ ಇದ್ದುದರಿಂದ ಹಳೆಯ ಸನ್ನದುಗಳೇ ಚಿನ್ನದ ಬೆಲೆಗೆ ಕೈ ಬದಲಾಯಿಸುತ್ತ ಊರೂರು ತಿರುಗುತ್ತಿವೆ. ಅದರ ಮೇಲೆ, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ, ಹೆದ್ದಾರಿ ಬದಿಯ ಸನ್ನದುದಾರರು ಊರೊಳಗೆ ಜಾಗ ಹುಡುಕತೊಡಗಿದರು. 2017ರ ಜುಲೈನಲ್ಲಿ ನಗರ, ಪಟ್ಟಣಗಳ ವ್ಯಾಪ್ತಿಗೆ ಆ ನಿರ್ಬಂಧ ಅನ್ವಯಿಸದೆಂದು ನ್ಯಾಯಾಲಯವೇ ಸ್ಪಷ್ಟಪಡಿಸಿತು. ಆದರೆ ಒಮ್ಮೆ ಒಳಗೆ ಬಂದವರಲ್ಲಿ ಹೊರಗೆ ಹೋದವರು ಕಡಿಮೆ.

ಖಾನಾವಳಿಯವನು, ಗಂಗಾವತಿ:

ಹಿರಿಯರು ಕಾನೂನು ಬಿಡಿಸಿ ಹೇಳಿದ್ದಾರೆ. ಇನ್ನೊಂದು ಮಗ್ಗುಲನ್ನು ನಾನು ಹೇಳುತ್ತೇನೆ, ಓಣಿಯವರು ಬೇಸರಿಸಿಕೊಳ್ಳಬಾರದು.

ನನ್ನದು ರೊಟ್ಟಿ ಖಾನಾವಳಿ. ಭತ್ತದ ಕಟಾವಿನ ಕಾಲದಲ್ಲಿ ಯಂತ್ರದ ಚಾಲಕರು, ಲಾರಿಯವರು, ಹಮಾಲರು ರಾತ್ರಿ ಊಟಕ್ಕೆ ಬರುತ್ತಾರೆ. ಬರುವಾಗ ಅಂಗಡಿಯಿಂದ ಬಾಟಲಿಯನ್ನೋ 90 ಎಂ.ಎಲ್. ಪ್ಯಾಕೆಟನ್ನೋ ಬನಿಯನ್ನಿನೊಳಗೆ ಇಟ್ಟುಕೊಂಡು ಬಂದು, ನೀರಿನ ಲೋಟವನ್ನು ಮೇಜಿನ ಕೆಳಗೆ ಹಿಡಿದು ಸುರಿದುಕೊಳ್ಳುತ್ತಾರೆ. ನಾನು ನೋಡಿದರೂ ಕಷ್ಟ, ನೋಡದಿದ್ದರೂ ಕಷ್ಟ. ಸಿಎಲ್-2 ಅಂಗಡಿಯಲ್ಲಿ ನಿಂತು ಕುಡಿಯುವಂತಿಲ್ಲವಾದ್ದರಿಂದ ಅವರಿಗೆ ನನ್ನ ಮೇಜೇ ಬೇಕು. ಹಿಂದೊಮ್ಮೆ ಕುಡಿಯಲು ಜಾಗ ಕೊಟ್ಟೆನೆಂದು ನನ್ನ ಮೇಲೆ ಅಬಕಾರಿ ಕಾಯ್ದೆಯ ಕಲಂ 15(ಎ), 32(3)ರ ಅಡಿ ಪ್ರಕರಣ ದಾಖಲಾಗಿ, ದಂಡ ಕಟ್ಟಿ, ಕೋರ್ಟಿಗೆ ಅಲೆದೆ. ಬಾಟಲಿ ಮಾರಿದವನಿಗೆ ಏನೂ ಆಗಲಿಲ್ಲ, ಏಕೆಂದರೆ ಅವನು ಮಾರಿದ್ದು ಕಾನೂನುಬದ್ಧ.

ಹೀಗಾಗಿ ಊರಿನಲ್ಲಿ ಒಂದು ಬಾರನ್ನು ತಡೆದರೆ ಕುಡಿತ ನಿಲ್ಲುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಕೂತು ಕುಡಿಯುವ ಜಾಗವೇ ಇಲ್ಲದಿದ್ದರೆ ಖಾನಾವಳಿ, ಕಾಲುವೆ ದಂಡೆ, ಶಾಲೆಯ ಮೈದಾನ ಬಾರಾಗುತ್ತವೆ. ತಮ್ಮ ಶಾಲೆಯ ಹತ್ತಿರ ಬೇಡ ಎನ್ನಿರಿ, ಅದು ನ್ಯಾಯ. ಆದರೆ ಎಲ್ಲಿ ಇರಲಿ ಎಂಬುದನ್ನೂ ಪುರಸಭೆಯ ಸದಸ್ಯರು ಅದೇ ಸಭೆಯಲ್ಲಿ ಹೇಳಿದ್ದರೆ ಆ ಠರಾವಿಗೆ ತೂಕ ಬರುತ್ತಿತ್ತು.

ಸಂಘದ ಅಕ್ಕ, ಮಾನ್ವಿ ತಾಲ್ಲೂಕು:

ಅಣ್ಣನವರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಮ್ಮೂರಿನಲ್ಲಿ ಸನ್ನದು ಇರುವ ಒಂದು ಅಂಗಡಿಯೂ ಇಲ್ಲ, ಆದರೂ ಕಿರಾಣಿ ಅಂಗಡಿಯಲ್ಲಿ ಬೆಳಗಿನ ಆರು ಗಂಟೆಗೆ ಪ್ಯಾಕೆಟ್ ಸಿಗುತ್ತದೆ. ಪಟ್ಟಣದ ಅಂಗಡಿಯಿಂದ ಮೋಟಾರ್ ಸೈಕಲ್ ಮೇಲೆ ಡಬ್ಬಗಟ್ಟಲೆ ಬರುವ ಮಾಲು ಅದು. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಕೂಲಿಯ ದುಡ್ಡು ಇನ್ನು ಮನೆಗೆ ಬರುತ್ತದೆ ಎಂದು ಹೆಂಗಸರು ಹಿಗ್ಗಿದ್ದೆವು. ಸಾರಾಯಿ ಹೋಗಿ ಬ್ರಾಂಡಿ ಬಂತು, ದರ ಹೆಚ್ಚಾಯಿತು, ಅಷ್ಟೇ.

ಗ್ರಾಮಸಭೆಯಲ್ಲಿ ನಾವೂ ಠರಾವು ಮಾಡಿಸಿದ್ದೇವೆ. ಅದರ ನಕಲಿಗೆ ಮೊಹರು ಹಾಕಿಸಿಕೊಂಡು ಮೂರು ಕಚೇರಿಗೆ ಕೊಟ್ಟು ಬಂದೆವು, ಸ್ವೀಕೃತಿ ಚೀಟಿಗಳು ಇಂದಿಗೂ ಸಂಘದ ಪೆಟ್ಟಿಗೆಯಲ್ಲಿವೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಪಾದಯಾತ್ರೆಯಲ್ಲಿ ನಾನೂ ಇದ್ದೆ. ಅಲ್ಲಿ ಕೇಳಿದ ಸಂಗತಿಯೆಂದರೆ, ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸಬಹುದಂತೆ. ಆ ಕಾನೂನು ನಮಗೇಕಿಲ್ಲ ಎಂಬುದನ್ನು ಗುಮಾಸ್ತರು ತಿಳಿಸಬೇಕು.

ನಿವೃತ್ತ ಗುಮಾಸ್ತ, ಬಳ್ಳಾರಿ:

ಅಕ್ಕನವರು ಕೇಳಿದ್ದು ನಿಜ. ಮಹಾರಾಷ್ಟ್ರದಲ್ಲಿ ನಿಂತ ಬಾಟಲಿ, ಅಡ್ಡ ಬಾಟಲಿ ಎಂಬ ಗುರುತುಗಳಿಗೆ ಮತದಾನ ನಡೆಯುತ್ತದೆ. ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಇದಲ್ಲದೆ, 1996ರ ಪೆಸಾ ಕಾಯ್ದೆಯು ಗ್ರಾಮಸಭೆಗೂ ಪಂಚಾಯಿತಿಗೂ ಮದ್ಯವನ್ನು ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ಆದರೆ ಅದು ಸಂವಿಧಾನದ ಐದನೆಯ ಅನುಸೂಚಿಯಡಿ ಘೋಷಿಸಿದ ಬುಡಕಟ್ಟು ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂತಹ ಪ್ರದೇಶವನ್ನೇ ಘೋಷಿಸಿಲ್ಲವಾದ್ದರಿಂದ ಮಾನ್ವಿಯ ಗ್ರಾಮಸಭೆಗೆ ಆ ಬಲ ಬರುವುದಿಲ್ಲ. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದ ಸರ್ಕಾರವು ಇಂತಹ ಮತಪೆಟ್ಟಿಗೆಯನ್ನು ತಾನಾಗಿಯೇ ತಂದಿಡುವುದೆಂದು ನಾನಂತೂ ನಂಬುವುದಿಲ್ಲ.

ಕಿರಾಣಿಯಲ್ಲಿ ಮಾರುವುದು ಬೇರೆಯೇ ಅಪರಾಧ, ಕಲಂ 32 ಮತ್ತು 34ರಡಿ ಬರುತ್ತದೆ. ಅದಕ್ಕೆ ಠರಾವು ಬೇಕಿಲ್ಲ, ದಿನಾಂಕ, ವೇಳೆ ಬರೆದ ದೂರು ಸಾಕು. ಪ್ಯಾಕೆಟ್ ಮೇಲಿನ ಬ್ಯಾಚ್ ಸಂಖ್ಯೆಯನ್ನೂ ದೂರಿನಲ್ಲಿ ಬರೆಯಿರಿ, ಮಾಲಿನ ಮೂಲ ಹುಡುಕಲು ಅದು ನೆರವಾಗಬಹುದು.

ಓಣಿಯ ನಿವಾಸಿ, ಕೊಪ್ಪಳ ಜಿಲ್ಲೆ:

ಎಲ್ಲರಿಗೂ ಧನ್ಯವಾದಗಳು. ಖಾನಾವಳಿಯ ಅಣ್ಣನವರ ಮಾತಿನಿಂದ ಬೇಸರವಾಗಿಲ್ಲ. ಬಸ್ ನಿಲ್ದಾಣದ ಬಳಿ ಇದ್ದಾಗ ಆ ಬಾರಿನಿಂದ ನಮಗೆ ತೊಂದರೆಯಿರಲಿಲ್ಲ ಎಂಬುದನ್ನು ಆಕ್ಷೇಪಣೆಯಲ್ಲಿಯೇ ಬರೆಯುತ್ತೇನೆ.

ನಿನ್ನೆ ಮುಖ್ಯೋಪಾಧ್ಯಾಯರನ್ನು ಕಂಡೆ. ಆ ಸಣ್ಣ ಗೇಟನ್ನು ಕೂರಿಸಿದ ಖರ್ಚು ಹಳೆಯ ನಗದು ಪುಸ್ತಕದಲ್ಲಿ ಸಿಕ್ಕಿತು. ಕಬ್ಬಿಣಕ್ಕೆ, ಬೆಸುಗೆಗೆ, ಬಣ್ಣಕ್ಕೆ ಎಂದು ಮೂರು ಸಾಲುಗಳಲ್ಲಿ ಬರೆದಿದೆ. ಆ ಪುಟದ ದೃಢೀಕೃತ ನಕಲನ್ನು ಕೊಡಲು ಅವರು ಒಪ್ಪಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಸೋಮವಾರ ಹಾಕುತ್ತೇನೆ. ಮರು ಅಳತೆಗೆ ಬರುವ ದಿನ ಗೇಟಿನ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ.