ಸಹಾಯ ಬೇಕು: ನ್ಯೂಯಾರ್ಕ್‌ನಲ್ಲಿ ಬೋಹಂಟರ್ (ಬಿಲ್ಲು-ಬಾಣದ ಬೇಟೆ) ಕೋರ್ಸ್ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರ. ಬೇಟೆಗೆ ಹೊಸಬ. ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಸಿಕ್ಕಿದೆ. ಆದರೆ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗಬೇಕಾದರೆ ಇಲ್ಲಿ ಬೋಹಂಟರ್ ಕೋರ್ಸ್ ಬೇರೆಯಾಗಿ ಮಾಡಬೇಕು. ಊರಲ್ಲಿ ಯಾರನ್ನಾದರೂ ಕೇಳೋಣ ಅಂದ್ರೆ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಬೇಟೆಯ ಮಾತೇ ಇಲ್ಲ.

ತರಗತಿಗೆ ಮೊದಲೇ ಹೋಂವರ್ಕ್ ಮುಗಿಸಿರಬೇಕು, ಅದನ್ನು ಓದುತ್ತಿದ್ದೇನೆ. ಬಿಲ್ಲಿನ ಎಳೆತ (ಹೆದೆ ಎಳೆಯಲು ಬೇಕಾಗುವ ಬಲ) ಕನಿಷ್ಠ 35 ಪೌಂಡ್ ಇರಬೇಕು ಅನ್ನುವಂಥದ್ದೆಲ್ಲ ಸುಲಭ. ತಲೆ ಕೆಡಿಸಿರುವುದು ಬಾಣ ಯಾವಾಗ ಬಿಡಬಾರದು ಅನ್ನೋ ಭಾಗ. ಜಿಂಕೆ ಅಡ್ಡಲಾಗಿ ನಿಂತಿದ್ದರೆ, ಇಲ್ಲವೇ ಸ್ವಲ್ಪ ಆಚೆ ತಿರುಗಿದ್ದರೆ ಶ್ವಾಸಕೋಶಕ್ಕೆ ಗುರಿ ಇಡಬಹುದು. ನೇರ ನಮ್ಮ ಕಡೆ ಮುಖ ಮಾಡಿದ್ದರೆ ಸುಮ್ನೆ ಕಾಯಬೇಕು. ಚಿತ್ರದಲ್ಲಿ ನೋಡಿದರೆ ಅರ್ಥವಾಗುತ್ತೆ. ಆದರೆ ಟ್ರೀ ಸ್ಟ್ಯಾಂಡ್ (ಬೇಟೆಗೆ ಕಾದು ಕೂರಲು ಮರಕ್ಕೆ ಕಟ್ಟುವ ಅಟ್ಟಣೆ) ಮೇಲಿಂದ ನೋಡಿದಾಗ ಕೋನವೇ ಬದಲಾಗುತ್ತೆ ಅಲ್ವಾ? ಇದಕ್ಕೆ ನೀವು ಹೇಗೆ ಅಭ್ಯಾಸ ಮಾಡಿದಿರಿ? ಎತ್ತರದಿಂದ 3ಡಿ ಟಾರ್ಗೆಟ್‌ಗೆ (ಪ್ರಾಣಿಯ ಆಕಾರದ ಗುರಿಬೊಂಬೆ) ಹೊಡೆಯಲು ಬಿಡುವ ರೇಂಜ್, ಅಂದ್ರೆ ಬಿಲ್ಲು ಅಭ್ಯಾಸದ ಜಾಗ, ಹತ್ತಿರದಲ್ಲಿ ಇದೆಯಾ?

ಇನ್ನೊಂದು: ಹಾರ್ನೆಸ್, ಅಂದ್ರೆ ಮೇಲಿಂದ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ. ಸ್ಟ್ಯಾಂಡ್ ಜೊತೆ ಕೊಡುವುದೇ ಸಾಕಾ, ಅಥವಾ ಒಳ್ಳೆಯದನ್ನು ಬೇರೆ ಕೊಳ್ಳಬೇಕಾ? ಇದರಲ್ಲಿ ಜಿಪುಣತನ ಮಾಡುವ ಆಸೆ ನನಗಿಲ್ಲ.

ನಮ್ಮ ಭಾಗದಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು, ಆದ್ದರಿಂದ ಆದಷ್ಟು ಬೇಗ ಕೋರ್ಸ್‌ಗೆ ಸೇರಬೇಕು. ಜೊತೆಗೆ ಬರುವವರಿದ್ದರೆ ಮೆಸೇಜ್ ಮಾಡಿ. ಬೇಟೆ ಸರಿಯೋ ತಪ್ಪೋ ಅನ್ನೋ ಚರ್ಚೆ ದಯವಿಟ್ಟು ಇನ್ನೊಂದು ದಿನ ಇಟ್ಟುಕೊಳ್ಳೋಣ.