ಪದಚರ್ಚೆ: ಸ್ಕಿಜೋಫ್ರೇನಿಯಾಕ್ಕೆ "ಇಚ್ಚಿತ್ತ" ಸರೀನಾ? ಜೊತೆಗೆ "ಭ್ರಮೆ" ಬಗ್ಗೆ

ಎಲ್ಲರಿಗೂ ನಮಸ್ಕಾರ,

ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ಕನ್ನಡದಲ್ಲಿ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಅಂತೆಲ್ಲ ಬರೀತಾರಲ್ಲ, ಈ ಪದಗಳನ್ನ ಈಗ್ಲೂ ಬಳಸ್ಬೇಕಾ ಅಂತ ನಿಮ್ಮನ್ನೆಲ್ಲ ಕೇಳ್ಬೇಕಿತ್ತು. ಭ್ರಮೆ ಅನ್ನೋ ಪದದ ಬಗ್ಗೆ ಇನ್ನೊಂದು ಪ್ರಶ್ನೆ ಇದೆ, ನಂಗೆ ಅದೇ ಹೆಚ್ಚು ಮುಖ್ಯ.

ಮೂಲ ಹೆಸರು 1908ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಬ್ಲಾಯ್ಲರ್ ಕೊಟ್ಟಿದ್ದು, ಗ್ರೀಕಲ್ಲಿ ಸೀಳು ಮತ್ತು ಮನಸ್ಸು ಅನ್ನೋ ಎರಡು ಪದ ಸೇರಿಸಿ. ಅವ್ರು ಹೇಳಿದ್ದು ಯೋಚನೆ ಒಂದ್ಕಡೆ, ಭಾವನೆ ಒಂದ್ಕಡೆ ಆಗಿ ನಡುವಿನ ಕೊಂಡಿ ಕಳಚೋದನ್ನ, ಒಬ್ಬರೊಳಗೆ ಇಬ್ಬರು ಇರೋದನ್ನಲ್ಲ. ಆದ್ರೆ ಇಚ್ಚಿತ್ತ ಅಂದ್ರೆ ಓದೋರಿಗೆ ಎರಡು ಚಿತ್ತ ಅಂತಲೇ ಅನ್ಸುತ್ತೆ, ತಕ್ಷಣ 2004ರ ಆಪ್ತಮಿತ್ರ ನೆನಪಾಗುತ್ತೆ, ನಾಗವಲ್ಲಿ ಬರ್ತಾಳೆ. ಆ ಸಿನಿಮಾದಲ್ಲಿ ತೋರ್ಸಿದ್ದು ಸ್ಪ್ಲಿಟ್ ಪರ್ಸನಾಲಿಟಿ, ಅದು ಬೇರೆ ಕಾಯಿಲೆ. ನಮ್ಮ ಸೋಮವಾರಪೇಟೆ ಕಡೆ ಯಾರ ಹತ್ರ ಸ್ಕಿಜೋಫ್ರೇನಿಯಾ ಅಂದ್ರೂ "ಓ, ಆ ನಾಗವಲ್ಲಿ ಥರದ್ದಾ?" ಅಂತಲೇ ಕೇಳ್ತಾರೆ. ಪದವೂ ಸಿನಿಮಾವೂ ಒಂದೇ ತಪ್ಪು ಕಡೆಗೆ ಎಳೀತಾ ಇದ್ರೆ ಮನೆಯವ್ರು ಎಷ್ಟು ಸಲ ಅಂತ ಬಿಡಿಸಿ ಹೇಳೋದು.

ಜಪಾನಲ್ಲೂ ಇದೇ ತೊಂದ್ರೆ ಇತ್ತಂತೆ. ಅಲ್ಲಿನ ಹಳೇ ಹೆಸರಿಗೆ "ಮನಸ್ಸು ಒಡೆದ ಕಾಯಿಲೆ" ಅನ್ನೋ ಅರ್ಥ, ರೋಗಿಗಳ ಮನೆಯವ್ರೇ ಬದಲಾಯಿಸಿ ಅಂತ ಕೇಳ್ಕೊಂಡು 2002ರಲ್ಲಿ ಅದನ್ನ ಬಿಟ್ಟು "ಒಂದುಗೂಡುವಿಕೆ ತಪ್ಪಿದ ಸ್ಥಿತಿ" ಅನ್ನೋ ಅರ್ಥದ ಹೆಸರು ತಂದ್ರು, ಆಮೇಲೆ ಡಾಕ್ಟರುಗಳು ಕಾಯಿಲೆ ಹೆಸರನ್ನ ರೋಗಿಗೇ ಹೇಳೋದೂ ಜಾಸ್ತಿ ಆಯ್ತು. ನಾವೂ ಯೋಚನೆ ಮಾಡ್ಬಹುದಲ್ವಾ.

ಈಗ ಭ್ರಮೆ. ನಮ್ಮ ಚಿಕ್ಕಪ್ಪಂಗೆ ಈ ಕಾಯಿಲೆ ಇದೆ, ಇಪ್ಪತ್ತರ ಆಸುಪಾಸಲ್ಲಿ ಶುರುವಾಗಿದ್ದು, ಗಂಡಸರಿಗೆ ಸಾಮಾನ್ಯವಾಗಿ ಬರೋದೇ ಆ ವಯಸ್ಸಲ್ಲಂತೆ. ಮಾತ್ರೆ ತಗೋತಾರೆ, ತೋಟದ ಕೆಲಸ ಮಾಡ್ತಾರೆ. ಕಾಫಿ ಕೊಯ್ಲಿನ ಟೈಮಲ್ಲಿ ಕಣದಲ್ಲಿ ಹಣ್ಣು ಕೆದಕ್ತಾ ಇದ್ದೋರು ಒಮ್ಮೊಮ್ಮೆ ಹಾಗೇ ನಿಂತ್ಬಿಡ್ತಾರೆ, ಕತ್ತು ಸ್ವಲ್ಪ ವಾಲಿಸಿ ಕೇಳಿಸ್ಕೋತಾರೆ, "ಆಯ್ತು ಆಯ್ತು, ಮಾಡ್ತೀನಿ" ಅಂದು ಮತ್ತೆ ಕೆದಕೋಕೆ ಶುರು ಮಾಡ್ತಾರೆ. ಅವ್ರಿಗೆ ಕೇಳೋದು ಇಬ್ಬರು ಗಂಡಸರ ಧ್ವನಿ, ಅವರಿಬ್ಬರೂ ಚಿಕ್ಕಪ್ಪನ ಬಗ್ಗೆನೇ ಮಾತಾಡ್ಕೋತಾರೆ, "ನೋಡು, ಈಗ ಕುಂಟೆ ತಗೊಂಡ, ಈಗ ಬೀಡಿ ಹಚ್ಚಿದ" ಅಂತ. ಚಿಕ್ಕಪ್ಪ ಅವ್ರನ್ನ "ಮೇಲ್ಗಡೆಯವ್ರು" ಅಂತಾರೆ. ಜುಲೈ ಮಳೆ ಹಿಡಿದು ಶೀಟಿನ ಮೇಲೆ ಒಂದೇ ಸಮ ಸುರಿಯುವಾಗ ಆ ಸದ್ದಿನೊಳಗೆ ಅವ್ರ ಮಾತು ಇನ್ನೂ ಜೋರಂತೆ, ಆ ದಿನಗಳಲ್ಲಿ ಚಿಕ್ಕಪ್ಪಂಗೆ ನಿದ್ದೆನೇ ಇರಲ್ಲ.

ಇದನ್ನ ನಾವು ಭ್ರಮೆ ಅಂತೀವಿ. ಪಕ್ಕದ ತೋಟದವ್ರು ತನ್ನ ಬಾವಿಗೆ ವಿಷ ಹಾಕಿದಾರೆ ಅಂತ ಚಿಕ್ಕಪ್ಪ ಒಂದು ಕಾಲದಲ್ಲಿ ಗಟ್ಟಿಯಾಗಿ ನಂಬಿದ್ರು, ಅದನ್ನೂ ಭ್ರಮೆ ಅಂತಲೇ ಕರೀತೀವಿ. ಇಂಗ್ಲಿಷಲ್ಲಿ ಮೊದಲನೇದು ಹ್ಯಾಲುಸಿನೇಷನ್, ಎರಡನೇದು ಡೆಲ್ಯೂಷನ್. ಒಂದು ಕಿವಿಗೆ ಬೀಳೋದು, ಇನ್ನೊಂದು ಮನಸ್ಸಲ್ಲಿ ಕೂತ ನಂಬಿಕೆ. ಧ್ವನಿ ಕೇಳೋ ಹೊತ್ತಲ್ಲಿ ಮೆದುಳಲ್ಲಿ ಮಾತಿಗೆ ಸೇರಿದ ಭಾಗಗಳು ಕೆಲಸ ಮಾಡ್ತಿರೋದು ಸ್ಕ್ಯಾನಲ್ಲೇ ಕಂಡಿದೆ, ಅಂದ್ರೆ ಅವ್ರಿಗೆ ಕೇಳೋದಂತೂ ಸುಳ್ಳಲ್ಲ. ಅದಕ್ಕೇ "ಅದು ನಿನ್ ಭ್ರಮೆ" ಅಂದ್ರೆ ಚಿಕ್ಕಪ್ಪಂಗೆ ಕಣ್ಣಲ್ಲಿ ನೀರು ಬರುತ್ತೆ, "ನಂಗೆ ಕೇಳ್ಸಿದ್ದನ್ನ ಕೇಳ್ಸಿಲ್ಲ ಅಂತೀಯಾ" ಅಂತಾರೆ. "ನಂಗೆ ಕೇಳ್ತಿಲ್ಲ ಚಿಕ್ಕಪ್ಪ, ನಿಮ್ಗೆ ಏನಂತಿದಾರೆ?" ಅಂದ್ರೆ ಕೂತು ಹೇಳ್ತಾರೆ.

ಸಿನಿಮಾದವ್ರಿಗೂ ಇದು ಕಷ್ಟದ ವಿಷ್ಯನೇ ಅನ್ಸುತ್ತೆ. ಗಣಿತಜ್ಞ ಜಾನ್ ನ್ಯಾಶ್ ಮೇಲೆ ಮಾಡಿದ ಎ ಬ್ಯೂಟಿಫುಲ್ ಮೈಂಡ್ (2001) ನೋಡಿರ್ತೀರಿ, ಅದರಲ್ಲಿ ಇಲ್ಲದ ಮನುಷ್ಯರು ಕಣ್ಣಿಗೆ ಕಾಣ್ತಾರೆ, ನಿಜ ಜೀವನದಲ್ಲಿ ನ್ಯಾಶ್‌ಗೆ ಬಂದಿದ್ದು ಧ್ವನಿಗಳು. ತೆರೆ ಮೇಲೆ ಧ್ವನಿ ತೋರ್ಸೋದು ಹೇಗೆ, ಹಾಗಾಗಿ ಕಾಣೋ ಥರ ಮಾಡಿದಾರೆ. ಆದ್ರೂ ನೋಡೋರಿಗೂ ಅವ್ರೆಲ್ಲ ನಿಜ ಅಂತಲೇ ಅರ್ಧ ಸಿನಿಮಾ ನಂಬಿಸಿದ್ದು ಬಹಳ ಒಳ್ಳೇ ಕೆಲಸ, ನಮ್ಮ ಚಿಕ್ಕಮ್ಮಂಗೆ ಗಂಡನ ಪಾಡು ಅರ್ಥ ಆಗಿದ್ದು ಅದನ್ನ ನೋಡಿದ್ಮೇಲೇ. ನಮ್ಮ ಶರಪಂಜರದಲ್ಲಿ ಕಾವೇರಿಗೆ ಇರೋ ಕಾಯಿಲೆ ಬೇರೆ, ಆದ್ರೆ ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನ ಮನೆಯವ್ರೂ ಊರವ್ರೂ ಅನುಮಾನದಲ್ಲಿ ನೋಡೋದಿದೆಯಲ್ಲ, ಅದು ಇವತ್ತಿಗೂ ಹಾಗೇ ಇದೆ.

ನನ್ನ ಪ್ರಶ್ನೆ ಇಷ್ಟು. ಹ್ಯಾಲುಸಿನೇಷನ್‌ಗೂ ಡೆಲ್ಯೂಷನ್‌ಗೂ ಬೇರೆ ಬೇರೆ ಪದ ನಿಮ್ಮಲ್ಲಿ ಯಾರಾದ್ರೂ ಮಾತಲ್ಲಿ ಬಳಸ್ತೀರಾ? ವಿಭ್ರಮೆ, ಭ್ರಾಂತಿ ಅಂತ ಪುಸ್ತಕದಲ್ಲಿ ನೋಡಿದೀನಿ, ಆದ್ರೆ ಕಣದಲ್ಲಿ ನಿಂತು ಚಿಕ್ಕಪ್ಪನ ಹತ್ರ ಆ ಪದ ಆಡೋಕಾಗಲ್ಲ. "ಇಲ್ಲದ ದನಿ", "ಒಳದನಿ" ಅಂತ ಯೋಚಿಸ್ದೆ, ಒಳದನಿ ಅಂದ್ರೆ ಆತ್ಮಸಾಕ್ಷಿ ಅಂತಾಗುತ್ತೆ, ಅದು ಬೇಡ. ಅರೆಭಾಷೆ, ಕೊಡವ ತಕ್ಕ್ ಆಡೋರ ಮನೆಗಳಲ್ಲಿ ಇದಕ್ಕೆ ಬೈಗುಳ ಅಲ್ಲದ ಪದ ಏನಾದ್ರೂ ಇದ್ರೆ ದಯವಿಟ್ಟು ತಿಳಿಸಿ, "ಮಂಡೆ ಸಮ ಇಲ್ಲ", "ಗಾಳಿ ಸೋಕಿದೆ" ಇವೆರಡು ಬಿಟ್ಟು.