ಬಿಎಸ್‌ಸಿ ಬಾಟನಿ ಆಯ್ತು, ಮುಂದೆ? ಗಿಡ-ಪರಿಸರ ಸಂಶೋಧನೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆಗಳಿಗೆ ಉತ್ತರ ಬರೀರಿ ಅಂತ ನಮ್ಮ ಗುಂಪಿನ ಅಡ್ಮಿನ್ ಬೆನ್ನು ಬಿದ್ದರು, ಒಪ್ಪಿಕೊಂಡೆ. ನಾನು ಜಮಖಂಡಿ ಕಡೆಯವನು. ಬಾಟನಿಯಲ್ಲಿ ಎಂಎಸ್‌ಸಿ, ಗಿಡಗಳ ರೋಗದ ಮೇಲೆ ಪಿಎಚ್‌ಡಿ, ಈಗಲೂ ಲ್ಯಾಬ್‌ನಲ್ಲೇ ಬದುಕು. ನಿನ್ನೆ ರಾತ್ರಿವರೆಗೆ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಒಂದೇ ತರಹದವನ್ನು ಸೇರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ (ಬೀಳಗಿ): ಸರ್, ನಾನು ಬಿಎಸ್‌ಸಿ ಕೊನೆ ವರ್ಷ, ಬಾಟನಿ-ಕೆಮಿಸ್ಟ್ರಿ. ಗಿಡಗಳ ಮೇಲೆ ಸಂಶೋಧನೆ ಮಾಡೋ ಆಸೆ. ಅಪ್ಪ ಬಿಎಡ್ ಮಾಡು ಅಂತಾರೆ. ಬಾಗಲಕೋಟೆ ತೋಟಗಾರಿಕೆ ವಿವಿಯಲ್ಲಿ ಎಂಎಸ್‌ಸಿ ಸೇರಬಹುದಾ?

ಉತ್ತರ: ನಮ್ಮ ಕಡೆ ಗಿಡದ ವಿಜ್ಞಾನಿ ಅಂದರೆ ಒಂದೋ ಬಾಗಲಕೋಟೆಯ ಉದ್ಯಾನಗಿರಿ (ತೋಟಗಾರಿಕೆ ವಿವಿ ಇರುವ ಜಾಗ), ಇಲ್ಲಾ ಧಾರವಾಡದ ಕೃಷಿ ವಿವಿ. ಬೇರೆ ದಾರಿ ಇದೆ ಅಂತ ಯಾರೂ ಹೇಳುವುದಿಲ್ಲ. ತೋಟಗಾರಿಕೆ ವಿವಿ 2008ರಲ್ಲಿ ಶುರುವಾಯಿತು. ಅಲ್ಲಿ ಎಂಎಸ್‌ಸಿ ಸೀಟು ಸಾಮಾನ್ಯವಾಗಿ ತೋಟಗಾರಿಕೆಯಲ್ಲೇ 4 ವರ್ಷದ ಪದವಿ ಮಾಡಿದವರಿಗೆ. ಪಿಯುಸಿ ಮುಗಿದ ಕೂಡಲೇ ಸಿಇಟಿ ಬರೆದು ಹತ್ತಬೇಕಿದ್ದ ಬಸ್ಸು ಅದು. ನಿಮ್ಮ ಬಸ್ಸು ಬೇರೆ ಸ್ಟ್ಯಾಂಡಿನಿಂದ ಹೊರಡುತ್ತದೆ, ಅಷ್ಟೇ.

ಮೊದಲು ಬಾಟನಿಯಲ್ಲೋ ಪರಿಸರ ವಿಜ್ಞಾನದಲ್ಲೋ ಎಂಎಸ್‌ಸಿ ಮಾಡಿ. ಹತ್ತಿರದಲ್ಲೇ ಧಾರವಾಡದ ಕರ್ನಾಟಕ ವಿವಿ ಇದೆ. ಆಮೇಲೆ ಸಿಎಸ್‌ಐಆರ್ ನೆಟ್ (ವಿಜ್ಞಾನ ವಿಷಯಗಳಲ್ಲಿ ಸಂಶೋಧನೆಗೆ, ಉಪನ್ಯಾಸಕ ಹುದ್ದೆಗೆ ಅರ್ಹತೆ ಕೊಡುವ ರಾಷ್ಟ್ರಮಟ್ಟದ ಪರೀಕ್ಷೆ), ಲೈಫ್ ಸೈನ್ಸಸ್ ಪೇಪರ್. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿ ಮಾಡುವಾಗ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಈ ದರ. ಬಾಡಿಗೆ ಭತ್ಯೆ ಬೇರೆ. ಅಪ್ಪನಿಗೆ ಈ ಲೆಕ್ಕ ಹೇಳಿ. ಓದುತ್ತಾ ಸಂಬಳ ಬರುತ್ತದೆ ಅಂದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಮ್ಮನೆಯಲ್ಲಿ ಮುಗಿದದ್ದು ಹಾಗೇ.

ಕಾಡು, ಪಕ್ಷಿ, ಪರಿಸರ ಅಂತ ಒಲವಿದ್ದರೆ ಗೇಟ್ ಅನ್ನುವ ಇನ್ನೊಂದು ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಇಕಾಲಜಿ ಅಂಡ್ ಎವಲ್ಯೂಷನ್ (ಪರಿಸರ, ಜೀವವಿಕಾಸ) ಪೇಪರ್ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಇದೆ, ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಇದೆ.

ಪ್ರಶ್ನೆ (ಇಂಡಿ): ಪರಿಸರ ವಿಜ್ಞಾನದಲ್ಲಿ ಎಂಎಸ್‌ಸಿ ಆಗಿದೆ. ಸಿಎಸ್‌ಐಆರ್ ನೆಟ್ 2 ಸಲ ಬರೆದೆ, ಆಗಲಿಲ್ಲ. ಹೊರರಾಜ್ಯದ ಒಂದು ಖಾಸಗಿ ವಿವಿಯವರು ನೆಟ್ ಬೇಡ, ಫೀಸು ಕಟ್ಟಿ, ಸಂಶೋಧನಾ ಪೇಪರ್ ಸಹ ನಾವೇ ಪ್ರಿಂಟ್ ಮಾಡಿಸ್ತೇವೆ ಅಂತಾರೆ. ಸೇರಲಾ?

ಉತ್ತರ: ಬೇಡ. ಫೋನ್ ಇಡಿ.

ಈಗ ನೆಟ್ ವಿಷಯ. ನೀವು ಬರೆದದ್ದೇ ತಪ್ಪು ಪರೀಕ್ಷೆ ಅನಿಸುತ್ತದೆ. ಸಿಎಸ್‌ಐಆರ್‌ನಲ್ಲಿ ಪರಿಸರ ವಿಜ್ಞಾನಕ್ಕೆ ಅಂತ ಬೇರೆ ಪೇಪರ್ ಇಲ್ಲ. ನೀವು ಲೈಫ್ ಸೈನ್ಸಸ್ ಬರೆದು ಜೀವಕೋಶ, ಇಮ್ಯುನಾಲಜಿ ಅಂತ ಒದ್ದಾಡಿದ್ದೀರಿ. ಯುಜಿಸಿ (ವಿವಿಗಳ ಅನುದಾನ ಆಯೋಗ) ನೆಟ್ ಅಂತ ಬೇರೆ ಪರೀಕ್ಷೆ ಇದೆ, ಅದರಲ್ಲಿ ಪರಿಸರ ವಿಜ್ಞಾನ ಒಂದು ಸ್ವತಂತ್ರ ವಿಷಯ. 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಿಎಸ್‌ಐಆರ್ ಲೈಫ್ ಸೈನ್ಸಸ್‌ನಲ್ಲಿ ಕಾಲು ಭಾಗ ಕಳೆಯುತ್ತಾರೆ. ಇನ್ನೊಂದು ಮಾತು. 2024ರ ಜೂನ್‌ನಿಂದ ಯುಜಿಸಿ ನೆಟ್ ಫಲಿತಾಂಶ ಮೂರು ಪಟ್ಟಿಯಲ್ಲಿ ಬರುತ್ತದೆ. ಜೆಆರ್‌ಎಫ್ ತಪ್ಪಿದರೂ, ಉಪನ್ಯಾಸಕ ಅರ್ಹತೆ ತಪ್ಪಿದರೂ, ಬರೀ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು ಅನ್ನುವ ಮೂರನೇ ಪಟ್ಟಿ ಇದೆ. ಕೆಸೆಟ್ (ನಮ್ಮ ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಕೂಡ ಬರೆದಿಡಿ. ಅದರಿಂದ ಫೆಲೋಶಿಪ್ ಬರುವುದಿಲ್ಲ, ಕರ್ನಾಟಕದಲ್ಲಿ ಪಾಠ ಮಾಡುವ ಅರ್ಹತೆ ಬರುತ್ತದೆ.

ಪೇಪರ್ ಮಾಡಿಸಿಕೊಡ್ತೇವೆ ಅನ್ನೋರ ಬಗ್ಗೆ: 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಪೇಪರ್ ಪ್ರಕಟಿಸುವುದು ಕಡ್ಡಾಯವೇ ಅಲ್ಲ. ಇಲ್ಲದ ಕಾಯಿಲೆಗೆ ಔಷಧಿ ಮಾರುತ್ತಿದ್ದಾರೆ.

ಪ್ರಶ್ನೆ (ವಿಜಯಪುರ): ಸರ್, ಲ್ಯಾಬ್‌ನಲ್ಲಿ ದಿನಾ ಏನು ಮಾಡ್ತೀರಿ? ಸುಮ್ನೆ ಕುತೂಹಲ.

ಉತ್ತರ: ಒಳ್ಳೆ ಪ್ರಶ್ನೆ. ಇದನ್ನು ಯಾರೂ ಕೇಳುವುದೇ ಇಲ್ಲ!

ಒಂದು ದಿನದ್ದು ಹೇಳುತ್ತೇನೆ. ನಾನು ಆಗ ಎಂಎಸ್‌ಸಿ. ಪರಿಚಯದ ರೈತರೊಬ್ಬರು ದಾಳಿಂಬೆ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಎಲೆ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ. ಸೊಲ್ಲಾಪುರದ ಕಡೆ ಇದಕ್ಕೆ ತೇಲ್ಯಾ ಅಂತಾರೆ, ನಮ್ಮ ಪುಸ್ತಕದಲ್ಲಿ ದುಂಡಾಣು ಅಂಗಮಾರಿ. ಕಾಯಿಗೆ ಬಂದರೆ ಸಿಪ್ಪೆ ಸೀಳುತ್ತದೆ. ಅವರು ಶಿಲೀಂಧ್ರನಾಶಕವನ್ನು ಆಗಲೇ 2 ಸಲ ಹೊಡೆದಿದ್ದರು. ಕಡಿಮೆ ಆಗಿರಲಿಲ್ಲ.

ನಮ್ಮ ಮೇಡಂ ಒಂದು ಬ್ಲೇಡ್ ಕೊಟ್ಟು, ಚುಕ್ಕೆಯ ಅಂಚಿನಿಂದ ಅಕ್ಕಿಕಾಳಿನಷ್ಟು ತುಂಡು ಕೊಯ್ಯಿ ಅಂದರು. ಸ್ಲೈಡ್ ಮೇಲೆ ಒಂದು ಹನಿ ನೀರು, ಅದರಲ್ಲಿ ತುಂಡು, ಮೇಲೆ ಗಾಜಿನ ಮುಚ್ಚಳ. ಮೈಕ್ರೋಸ್ಕೋಪಿನಲ್ಲಿ ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೊಯ್ದ ಅಂಚಿನಿಂದ ಒಲೆಯ ಹೊಗೆ ಹಾಗೆ ಏನೋ ಸುರುಳಿ ಸುರುಳಿಯಾಗಿ ನೀರಿಗೆ ಹೊರಟಿತು. ಲಕ್ಷಗಟ್ಟಲೆ ಬ್ಯಾಕ್ಟೀರಿಯಾ! ಶಿಲೀಂಧ್ರ ಆಗಿದ್ದರೆ ಹಾಗೆ ಹರಿಯುವುದಿಲ್ಲ. ಅಂದರೆ ಹೊಡೆದ ಔಷಧಿಗೂ ರೋಗಕ್ಕೂ ಸಂಬಂಧವೇ ಇಲ್ಲ. ರೈತರನ್ನೂ ಕರೆದು ತೋರಿಸಿದೆವು. ಕಣ್ಣು ತೆಗೆಯದೆ ನೋಡಿದರು.

ಅದು 10 ನಿಮಿಷದ ಸಂತೋಷ. ಆಮೇಲಿನದು ತಿಂಗಳುಗಟ್ಟಲೆ ಕೆಲಸ. ಆ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಬೇಕು, ಮೂರ್ನಾಲ್ಕು ದಿನಕ್ಕೆ ಹಳದಿ ಬಣ್ಣದ ಜಿಗುಟು ಗುಳ್ಳೆಗಳು ಏಳುತ್ತವೆ. ಅದನ್ನು ಚೆನ್ನಾಗಿರುವ ಸಸಿಗೆ ಹಚ್ಚಿ ಅದೇ ರೋಗ ಬರಿಸಬೇಕು, ಮತ್ತೆ ಅದರಿಂದ ಅದೇ ಬ್ಯಾಕ್ಟೀರಿಯಾ ತೆಗೆಯಬೇಕು. ಆಗ ಮಾತ್ರ ಇದೇ ಕಳ್ಳ ಅನ್ನಬಹುದು. ನಡುವೆ ಕರೆಂಟ್ ಹೋಗುತ್ತದೆ, ತಟ್ಟೆಗೆ ಬೂಸು ಬರುತ್ತದೆ, ಮತ್ತೆ ಮೊದಲಿನಿಂದ. ಈ ಎರಡನೇ ಭಾಗ ಸಹಿಸೋಕೆ ಆಗುತ್ತಾ ಅಂತ ನೋಡಿಕೊಂಡೇ ಪಿಎಚ್‌ಡಿಗೆ ಬನ್ನಿ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಎಂಎಸ್‌ಸಿ ಆದ ಕೂಡಲೇ ಪಿಎಚ್‌ಡಿಗೆ ಹಾರಬೇಡಿ. ಒಂದು ವರ್ಷ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿ. ಕೇಂದ್ರದ ಅನುದಾನ ಇರುವ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗೆ 2020ರ ಆದೇಶದಲ್ಲಿ ನೆಟ್ ಅಥವಾ ಗೇಟ್ ಇದ್ದರೆ ತಿಂಗಳಿಗೆ 31,000, ಇಲ್ಲದಿದ್ದರೆ 25,000 ಅಂತ ದರ ಇತ್ತು. ಕೆಲಸ ಕಲಿಯುತ್ತೀರಿ. ಅದಕ್ಕಿಂತ ಜಾಸ್ತಿ, ಗೈಡ್ (ಪಿಎಚ್‌ಡಿ ಮಾಡಿಸುವ ಮಾರ್ಗದರ್ಶಕರು) ಎಂಥವರು ಅಂತ ಒಳಗಿನಿಂದ ಗೊತ್ತಾಗುತ್ತದೆ. ನಾನು ಇದನ್ನು ಮಾಡಲಿಲ್ಲ. ಮೊದಲು ಸೇರಿದ ಕಡೆ ಗೈಡ್ ವರ್ಷಕ್ಕೆ ಎರಡು ಸಲ ಮಾತಾಡಿದರೆ ಹೆಚ್ಚು. ಫೆಲೋಶಿಪ್ ಕಾಗದಕ್ಕೆ ಸಹಿ ಆಗದೆ 8 ತಿಂಗಳು ಕೈಗೆ ದುಡ್ಡು ಬರಲಿಲ್ಲ. ಅಣ್ಣನ ಕಬ್ಬಿನ ಬಿಲ್ಲಿನಲ್ಲಿ ಹಾಸ್ಟೆಲ್ ಫೀಸು ಕಟ್ಟಿದೆ. ಕೊನೆಗೆ ಬಿಟ್ಟು ಬೇರೆ ಕಡೆ ಹೊಸದಾಗಿ ಶುರು ಮಾಡಿದೆ. ವಿವಿಯ ಹೆಸರು ನೋಡಿ ಸೇರಿದ್ದೆ, ಅಲ್ಲಿ ಓದುತ್ತಿದ್ದ ಒಬ್ಬ ಹುಡುಗನನ್ನೂ ಕೇಳಿರಲಿಲ್ಲ.

ಪ್ರಶ್ನೆ (ಖಾನಾಪುರ): ನನಗೆ 31. ಮದುವೆ, ಮಗು ಅಂತ 5 ವರ್ಷ ಬಿಟ್ಟುಹೋಯ್ತು. ಔಷಧಿ ಗಿಡಗಳ ಮೇಲೆ ಆಸಕ್ತಿ. ಈಗ ತಡ ಆಯ್ತಾ?

ಉತ್ತರ: ಇಲ್ಲ ಮೇಡಂ. ಜೆಆರ್‌ಎಫ್ ವಯಸ್ಸಿನ ಮಿತಿಯಲ್ಲಿ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ, ನೀವಿನ್ನೂ ಒಳಗೇ ಇದ್ದೀರಿ. ಉಪನ್ಯಾಸಕ ಅರ್ಹತೆಗೆ ವಯಸ್ಸಿನ ಮಿತಿಯೇ ಇಲ್ಲ. ಪಿಎಚ್‌ಡಿ ಮುಗಿಸಲು ಮಹಿಳೆಯರಿಗೆ 2 ವರ್ಷ ಹೆಚ್ಚು ಅವಕಾಶ ಇದೆ, 240 ದಿನಗಳ ಹೆರಿಗೆ ರಜೆಯೂ ಇದೆ. ಕೇಂದ್ರ ವಿಜ್ಞಾನ ಇಲಾಖೆಯ ವೈಸ್-ಪಿಎಚ್‌ಡಿ ಅನ್ನುವ ಫೆಲೋಶಿಪ್ ಮಹಿಳೆಯರಿಗೇ ಮೀಸಲು, ಅದನ್ನೂ ನೋಡಿ. ಜಾಗದ ವಿಷಯಕ್ಕೆ ನೀವು ಅದೃಷ್ಟವಂತರು. ಬೆಳಗಾವಿಯಲ್ಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ, ಪಶ್ಚಿಮ ಘಟ್ಟದ ಔಷಧಿ ಗಿಡಗಳ ಮೇಲೂ ಅವರ ಕೆಲಸ ಇದೆ. ನಿಮ್ಮ ತಾಲೂಕಿನಲ್ಲೇ ಭೀಮಗಡ ಕಾಡು. ನಮ್ಮಂಥ ಬಯಲುಸೀಮೆಯವರು ಹೊಟ್ಟೆಕಿಚ್ಚು ಪಡಬೇಕು.

ಪ್ರಶ್ನೆ (ಮುಧೋಳ): ಪಿಎಚ್‌ಡಿ ಮಾಡಿದ್ರ ಹೆಣ್ಣು ಕೊಡ್ತಾರೇನ್ರೀ?

ಉತ್ತರ: ನನಗೆ ಕೊಟ್ಟರು. ಆದರೆ ಮಾವನವರು ಇವತ್ತಿಗೂ ನನ್ನನ್ನು ಮಂದಿಗೆ "ಡಾಕ್ಟ್ರು, ಆದ್ರೆ ಗಿಡದ್ದು" ಅಂತಲೇ ಪರಿಚಯಿಸುತ್ತಾರೆ.

ಪ್ರಶ್ನೆ (ಗೋಕಾಕ, ಜಮಖಂಡಿ, ಇನ್ನೂ ಮೂವರು): ಪಿಎಚ್‌ಡಿ ಆದಮೇಲೆ ಕೆಲಸ ಸಿಗುತ್ತಾ?

ಉತ್ತರ: ನಿಜ ಹೇಳಬೇಕಂದ್ರೆ, ಕಾಯಬೇಕು. ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700ರಿಂದ ಶುರು. ಕೇಳೋಕೆ ಚಂದ, ಕಾಯಂ ಹುದ್ದೆ ಕರೆಯುವುದು ಅಪರೂಪ. ನಡುವೆ ರಿಸರ್ಚ್ ಅಸೋಸಿಯೇಟ್ ಆಗಿ 58,000ರಿಂದ ಸಿಗುತ್ತದೆ, ಅದೂ ಪ್ರಾಜೆಕ್ಟ್ ಇರುವವರೆಗೆ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದ ಗೆಳೆಯರು ನನಗಿದ್ದಾರೆ. ಹೊರಗೂ ಕೆಲಸಗಳಿವೆ: ಬೀಜದ ಕಂಪನಿ, ಜೈವಿಕ ಗೊಬ್ಬರದ ಕಂಪನಿ, ಪರಿಸರ ಪರಿಣಾಮ ವರದಿ ಬರೆಯುವ ಸಂಸ್ಥೆಗಳು. ಗಣಿ, ದೊಡ್ಡ ಕಾರ್ಖಾನೆಗಳಿಗೆ 2006ರ ಅಧಿಸೂಚನೆ ಪ್ರಕಾರ ಅಂಥ ವರದಿ ಬೇಕು, ಅದಕ್ಕೆ ಗಿಡಗಳನ್ನು ಗುರುತಿಸಬಲ್ಲವರು ಬೇಕು. ಗಿಡದ ಹೆಸರು ಹೇಳುವವರು ಈಗ ಸಿಗುವುದೇ ಕಷ್ಟ.

ಮರುಪ್ರಶ್ನೆ (ಬೀಳಗಿ): ಸರ್, ಗೈಡ್‌ಗೆ ಮೇಲ್ ಹೇಗೆ ಬರೆಯೋದು? ಇಂಗ್ಲಿಷ್ ಅಷ್ಟು ಬರಲ್ಲ.

ಉತ್ತರ: 5 ಸಾಲು ಸಾಕು. 40 ಜನಕ್ಕೆ ಒಂದೇ ಮೇಲ್ ಕಳಿಸಬೇಡಿ, ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಓದಿ, ಅದರ ಬಗ್ಗೆ ಒಂದು ಸಾಲು ಬರೆಯಿರಿ. ಆಮೇಲೆ ನೀವು ಕಣ್ಣಾರೆ ಕಂಡದ್ದು ಒಂದು. ನಿಮ್ಮೂರ ಹತ್ತಿರವೇ ಆಲಮಟ್ಟಿ ಹಿನ್ನೀರು ಇದೆಯಲ್ಲ, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಆ ಕೆಸರಲ್ಲಿ ಮೊದಲು ಯಾವ ಗಿಡ ಹುಟ್ಟುತ್ತದೆ? ಬಳ್ಳಾರಿ ಜಾಲಿ ಎಲ್ಲಿವರೆಗೆ ಇಳಿದು ಬಂದಿದೆ? ಒಂದು ಭಾನುವಾರ ಹೋಗಿ ಬರೆದುಕೊಂಡು ಬನ್ನಿ. ಮೇಲ್‌ನ ಕರಡು ಇಲ್ಲೇ ಹಾಕಿ, ಇಂಗ್ಲಿಷ್ ನಾನು ತಿದ್ದುತ್ತೇನೆ.